ಚಿತ್ರವನ್ನೋ ಮರವನ್ನೋ ನೋಡುತ್ತಾ ಕುಳಿತರೆ ಅದು ಪ್ರಾರ್ಥನೆಯಾಗುತ್ತದೆಯೇ?

ನೀವು ಕೇಳಿರುವುದು ಮೂರು ವಿಷಯ. ಬಾಯಲ್ಲಿ ಏನೂ ಹೇಳದೆ ಒಂದು ಪವಿತ್ರ ಚಿತ್ರವನ್ನೋ ಬೆಟ್ಟವನ್ನೋ ನೋಡುತ್ತಾ ಕುಳಿತರೆ ಅದು ಕ್ರೈಸ್ತ ಪ್ರಾರ್ಥನೆಯೇ? ನಿಮ್ಮ ತಾಯಿಯವರು ಹೇಳುವಂತೆ ಅದು ವಿಗ್ರಹಾರಾಧನೆಯೇ? ಎಷ್ಟು ಹೊತ್ತು ಕುಳಿತರೂ ಏನೂ ಹೊಳೆಯುವುದಿಲ್ಲವೇಕೆ?

ನಾನು ಕೋಲಾರದ ಕಥೋಲಿಕ; ಹೀಗೆ ಪ್ರಾರ್ಥಿಸುವುದು ನನಗೆ ಊಟದಷ್ಟೇ ಅಗತ್ಯ. ಖಂಡಿತವಾಗಿಯೂ ಇದು ಪ್ರಾರ್ಥನೆ. ಏನೂ ಹೊಳೆಯದಿರುವುದಕ್ಕೆ ನನಗೆ ತೋರುವ ಕಾರಣ, ಏನಾದರೂ ಹೊಳೆಯಲೇಬೇಕು ಎಂದು ನೀವು ಹಟ ಹಿಡಿದು ಕುಳಿತಿರುವುದು.

ತಾಯಿಯವರ ಆತಂಕ ಇಂದು ನಿನ್ನೆಯದಲ್ಲ, ಅದನ್ನು ಹಗುರವಾಗಿ ಕಾಣಬೇಡಿ. 8ನೇ ಶತಮಾನದಲ್ಲಿ ಬೈಜಾಂಟಿಯಮ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿಗಳು ಇದೇ ಕಾರಣಕ್ಕೆ ಪವಿತ್ರ ಚಿತ್ರಗಳನ್ನು ನಾಶಮಾಡಿಸಿದರು. ಕಣ್ಣಿಗೆ ಕಾಣದ ದೇವರು ಮನುಷ್ಯನಾಗಿ ಹುಟ್ಟಿ ಕಣ್ಣಿಗೆ ಕಂಡ ಮೇಲೆ ಆ ಮುಖವನ್ನು ಬರೆಯಬಹುದು ಎಂದು ದಮಾಸ್ಕಸ್‌ನ ಸಂತ ಯೊವಾನ್ನರು ಆಗ ವಾದಿಸಿದರು. 787ರಲ್ಲಿ ನಿಸೇಯದಲ್ಲಿ ಸೇರಿದ ಮಹಾಸಭೆ ಗೆರೆ ಎಳೆದು ಹೇಳಿತು: ಚಿತ್ರಕ್ಕೆ ಗೌರವ ಸಲ್ಲಿಸಬಹುದು, ಆರಾಧನೆ ದೇವರಿಗೆ ಮಾತ್ರ.

ನಮ್ಮ ದೇವಾಲಯಗಳ ಗೋಡೆಗಳಲ್ಲಿ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ಸಾವಿನೆಡೆಗೆ ನಡೆದ ದಾರಿಯ, 14 ಚಿತ್ರಗಳಿರುತ್ತವೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸುತ್ತೇವೆ. ನೋಡುತ್ತಾ ಪ್ರಾರ್ಥಿಸುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ. ಆದರೂ ಎಲ್ಲರ ಕಣ್ಣೂ ಕೈಯಲ್ಲಿರುವ ಪುಸ್ತಕದ ಮೇಲೇ ಇರುತ್ತದೆ, ಗೋಡೆಯತ್ತ ತಿರುಗುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಹೇಗೆ ಎಂಬುದು. 12ನೇ ಶತಮಾನದ ಸನ್ಯಾಸಿ ಎರಡನೆಯ ಗೀಗೊ ಪವಿತ್ರ ಗ್ರಂಥದ ಪ್ರಾರ್ಥನಾಪೂರ್ವಕ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಈಗ ಹಲವರು ಮಾಡುವುದು ಇಷ್ಟೇ, ಮೊದಲ ಮೆಟ್ಟಿಲಿನಲ್ಲಿ ಓದಿನ ಜಾಗಕ್ಕೆ ನೋಟವನ್ನು ತರುತ್ತಾರೆ. ನಾವು ಎಡವುವುದು ಎರಡನೆಯ ಮೆಟ್ಟಿಲಿಗೆ ಹಾರುವ ಆತುರದಲ್ಲಿ. ಕಣ್ಣು ಇನ್ನೂ ನೋಡಿರುವುದಿಲ್ಲ, ಅಷ್ಟರಲ್ಲಿ ಮನಸ್ಸು ಅರ್ಥ ಹೇಳಲು ಶುರುಮಾಡಿರುತ್ತದೆ.

ರಷ್ಯಾದ ಅಂದ್ರೇಯಿ ರುಬ್ಲ್ಯೋವ್ 15ನೇ ಶತಮಾನದ ಆರಂಭದಲ್ಲಿ ಬರೆದ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವ ಒಬ್ಬನೇ ದೇವರ) ಚಿತ್ರವನ್ನು ತೆಗೆದುಕೊಳ್ಳಿ. ಬೈಬಲ್‌ನ ಆದಿಕಾಂಡದ 18ನೇ ಅಧ್ಯಾಯದಲ್ಲಿ ಅಬ್ರಹಾಮನ ಮನೆಗೆ ಬರುವ ಮೂವರು ಅತಿಥಿಗಳು ಅದರಲ್ಲಿದ್ದಾರೆ. ಇದು ತ್ರಿತ್ವ ಎಂದು ಹೇಳಿ ಮುಗಿಸಲು ಒಂದು ಕ್ಷಣ ಸಾಕು. ಹಾಗೆ ಮುಗಿಸಬೇಡಿ. ನೀಲಿ ಬಣ್ಣ ಎಲ್ಲೆಲ್ಲಿದೆ ಎಂದು ಹುಡುಕಿ: ಮೂವರ ಉಡುಪಿನಲ್ಲೂ ಇದೆ, ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ತಲೆಗಳು ಯಾವ ಕಡೆಗೆ ಬಾಗಿವೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು ಗಮನಿಸಿ. ನಡುವೆ ಒಂದೇ ಬಟ್ಟಲು. ಅಂಚಿನ ಇಬ್ಬರ ಮೈಯ ರೇಖೆಗಳ ನಡುವೆ ಉಳಿಯುವ ಜಾಗವೂ ಒಂದು ದೊಡ್ಡ ಬಟ್ಟಲಿನ ಆಕಾರದಲ್ಲಿದೆ. ಇದು ಮೊದಲ ನೋಟಕ್ಕೆ ಸಿಕ್ಕುವಂಥದ್ದಲ್ಲ. ಕೊನೆಗೆ ಮೇಜಿನ ಈಚೆಯ ಬದಿಗೆ ಬನ್ನಿ. ಅಲ್ಲಿ ಯಾರೂ ಕುಳಿತಿಲ್ಲ. ಆ ಖಾಲಿ ಜಾಗ ನೋಡುವವರಿಗಾಗಿ ಇಟ್ಟದ್ದು ಎಂದು ಬಹಳ ಜನ ಹೇಳಿದ್ದಾರೆ. ಆದರೆ ಯಾರೋ ಹೇಳಿದ್ದನ್ನು ಕೇಳುವುದು ಬೇರೆ, ಕಣ್ಣೇ ನಿಧಾನವಾಗಿ ಅಲ್ಲಿಗೆ ಬಂದು ನಿಲ್ಲುವುದು ಬೇರೆ. ಹಾಗೆ ಬಂದು ನಿಂತಾಗ ಪ್ರಾರ್ಥನೆಯ ಮಾತು ತಾನಾಗಿ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ ಪರಮಪ್ರಸಾದದ (ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿಯ) ಮುಂದೆ ಸುಮ್ಮನೆ ಕುಳಿತಿರುತ್ತಿದ್ದ ರೈತನೊಬ್ಬ ಗುರುಗಳಿಗೆ ಹೇಳಿದ್ದೂ ಇಷ್ಟೇ: ನಾನು ಆತನನ್ನು ನೋಡುತ್ತೇನೆ, ಆತ ನನ್ನನ್ನು ನೋಡುತ್ತಾನೆ.

ಪ್ರಕೃತಿಯ ವಿಷಯದಲ್ಲಿ ನನ್ನದೊಂದು ಹಟವಿದೆ. ನಂದಿಬೆಟ್ಟದ ಸೂರ್ಯೋದಯದಿಂದ ಶುರುಮಾಡಬೇಡಿ. ಅಷ್ಟು ದೊಡ್ಡ ದೃಶ್ಯದ ಮುಂದೆ ಮನಸ್ಸು ಆಹಾ ಎಂದು ಮುಗಿಸಿಬಿಡುತ್ತದೆ. ನಮ್ಮ ಸೀಮೆಯ ರಸ್ತೆಬದಿಯ ಒಂದು ಹೊಂಗೆ ಮರ ಸಾಕು. ಅದು ಎಲೆ ಉದುರಿಸಿ ಚಿಗುರುವ ಕಾಲ ಹೆಚ್ಚುಕಡಿಮೆ ನಮ್ಮ ತಪಸ್ಸುಕಾಲವೇ. ಒಂದು ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ಚಿಗುರಾದರೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಬಲಿತ ಎಲೆಯಲ್ಲಿ ಬಹಳ ಸಲ ಪುಟ್ಟ ಹುಳು ಒಳಗೊಳಗೇ ಕೊರೆದುಕೊಂಡು ಹೋದ ಬಿಳಿಯ ಗುರುತುಗಳಿರುತ್ತವೆ. ಹುಳು ತಿಂದ ಎಲೆಯೂ ಬಿಸಿಲು ಹಿಡಿಯುತ್ತದೆ, ಕೆಳಗೆ ನಿಂತವರಿಗೆ ನೆರಳು ಕೊಡುತ್ತದೆ. ನನ್ನ ಅತ್ಯಂತ ಕಷ್ಟದ ದಿನಗಳಲ್ಲಿ ನಾನು ದೇವರ ಮುಂದೆ ಹಿಡಿದದ್ದು ಅಂಥದೊಂದು ಎಲೆಯನ್ನೇ.

ಇದು ಮರವನ್ನು ಪೂಜಿಸುವುದಲ್ಲವೇ ಎಂದರೆ ಸಂತ ಅಗಸ್ಟೀನರು ಉತ್ತರ ಕೊಟ್ಟಿದ್ದಾರೆ. ಅವರು ಭೂಮಿ, ಕಡಲು, ಗಾಳಿಯನ್ನೆಲ್ಲ ನೀವೇ ದೇವರೇ ಎಂದು ಕೇಳುತ್ತಾರೆ. ನಾವಲ್ಲ, ಆತನೇ ನಮ್ಮನ್ನು ಮಾಡಿದ್ದು ಎನ್ನುತ್ತವೆ ಅವು. ತಾವು ಗಮನವಿಟ್ಟು ನೋಡಿದ್ದೇ ಪ್ರಶ್ನೆ, ಅವುಗಳ ಚೆಲುವೇ ಉತ್ತರ ಎಂದು ಅವರು ಬರೆದರು.

ಮನಸ್ಸು ಅಲೆದಾಡಿದರೆ ಬೇಸರ ಬೇಡ, ಬಣ್ಣಕ್ಕೋ ಗೆರೆಗೋ ಹಿಂತಿರುಗಿ. ಚಿತ್ರವನ್ನು ಮೊಬೈಲ್‌ನಲ್ಲಿ ನೋಡಬೇಡಿ, ಮುದ್ರಿಸಿಕೊಳ್ಳಿ. ವಾರವಿಡೀ ಒಂದೇ ಚಿತ್ರ ಇರಲಿ.

ತಾಯಿಯವರೊಡನೆ ನಿಸೇಯದ ಸಭೆಯ ಬಗ್ಗೆ ವಾದಕ್ಕೆ ಇಳಿಯಬೇಡಿ. ಚಿತ್ರ ಅವರಿಗೆ ಒಗ್ಗದಿದ್ದರೆ ಒಂದು ಸಂಜೆ ಮರದ ಕೆಳಗೆ ಕುಳಿತು 104ನೇ ಕೀರ್ತನೆಯನ್ನು ಓದಿಕೊಡಲು ಅವರನ್ನೇ ಕೇಳಿ. ಬುಗ್ಗೆ, ಹುಲ್ಲು, ಹಕ್ಕಿಗೂಡು, ಸಿಂಹದ ಮರಿ, ಕಡಲು ಎಲ್ಲವೂ ಅದರಲ್ಲಿವೆ. ಅವರು ಓದಲಿ, ನೀವು ನೋಡಿ.