ಟರ್ಮಕ್ಸ್‌ನಲ್ಲಿ ನೆಟ್‌ವರ್ಕ್ ಕಮಾಂಡ್‌ಗಳು ಸರಿಯಾಗಿ ಓಡದಿದ್ದರೆ ಫೋನ್ ರೂಟ್ ಮಾಡಬೇಕಾ?

ಬೇಡ. ಟರ್ಮಕ್ಸ್ ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಕಮಾಂಡ್ ಓಡಿಸುವ ಆ್ಯಪ್. ಅದಕ್ಕಾಗಿ ರೂಟೂ (ಫೋನಿನ ಪೂರ್ತಿ ಅಧಿಕಾರ ಕೈಗೆ ತೆಗೆದುಕೊಳ್ಳುವುದು) ಬೇಡ, ಪ್ರೂಟ್ (ರೂಟ್ ಇದ್ದಂತೆ ನಟಿಸುವ ಪ್ರೋಗ್ರಾಂ) ಒಳಗೆ ಉಬುಂಟು ಲಿನಕ್ಸ್ ಹಾಕುವುದೂ ಬೇಡ.

ಇಫ್‌ಕಾನ್ಫಿಗ್ (ಫೋನಿನ ನೆಟ್‌ವರ್ಕ್ ವಿಳಾಸ ತೋರಿಸುವ ಕಮಾಂಡ್) ಅರ್ಧಂಬರ್ಧ ತೋರಿಸುತ್ತದೆ, ನೆಟ್‌ಸ್ಟಾಟ್ (ಫೋನ್ ಯಾವ ಸರ್ವರ್ ಜತೆ ಮಾತಾಡುತ್ತಿದೆ ಅಂತ ತೋರಿಸುವ ಕಮಾಂಡ್) ‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ಇಲ್ಲ ಅನ್ನುತ್ತದೆ, ಮನೆಯ ವೈಫೈಗೆ ಯಾರ್ಯಾರು ಸೇರಿಕೊಂಡಿದ್ದಾರೆ ಅಂತ ನೋಡಲು ಆಗುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕಿದವರನ್ನೆಲ್ಲ ಕೇಳಿದ್ದೆ. ನನ್ನನ್ನು ಹಾಳು ಮಾಡಿದ್ದು ಮಾತ್ರ ಬೇರೆ ಕಮಾಂಡ್. ಅದು ಯಾವ ತಕರಾರೂ ಇಲ್ಲದೆ ಓಡಿತು, ಉತ್ತರವನ್ನೂ ಕೊಟ್ಟಿತು.

ತಿಪಟೂರಿನಲ್ಲಿ ನಮ್ಮ ಭಾವನದು ಒಂದು ಸೈಬರ್ ಸೆಂಟರ್ ಇದೆ. ಪಹಣಿ ಪ್ರಿಂಟ್, ಜೆರಾಕ್ಸ್, ಅರ್ಜಿ ಟೈಪಿಂಗ್, ಸ್ಕಾಲರ್‌ಶಿಪ್ ಫಾರಂ ತುಂಬುವುದು, ಇದೇ ಕೆಲಸ. ಎರಡು ಕಂಪ್ಯೂಟರ್. ಒಂದು ದಿನ ಎರಡರಲ್ಲೂ ಯಾವ ಸೈಟೂ ತೆರೆಯದಂತಾಯಿತು. ಹೊರಗೆ ಜನ ಕಾಯುತ್ತಿದ್ದಾರೆ. ಹಬ್ಬಕ್ಕೆಂದು ಅಲ್ಲಿಗೆ ಹೋಗಿದ್ದ ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಫೋನಿನಲ್ಲಿ ಟರ್ಮಕ್ಸ್ ಇತ್ತು. “ನೋಡಪ್ಪಾ, ಲೈನ್ ತೊಂದ್ರೆನಾ, ಕಂಪ್ಯೂಟರ್ ತೊಂದ್ರೆನಾ, ಅದೊಂದು ಹೇಳ್ಬಿಡು” ಅಂದರು ಭಾವ.

ಮೊದಲು ಮೊಬೈಲ್ ಡೇಟಾ ಆಫ್ ಮಾಡಿದೆ. ವೈಫೈಯಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಆಂಡ್ರಾಯ್ಡ್ ತಾನೇ ಡೇಟಾಗೆ ಜಾರಿಕೊಳ್ಳುತ್ತದೆ. ಆಗ ನೀವು ನೋಡುವುದು ಮೊಬೈಲ್ ಕಂಪನಿಯ ಲೈನನ್ನು, ಅಂಗಡಿಯದನ್ನಲ್ಲ. ಇದನ್ನು ನೀವೂ ತಪ್ಪದೆ ಮಾಡಿ. ಆಮೇಲೆ 8.8.8.8ಕ್ಕೆ, ಅಂದರೆ ಗೂಗಲ್‌ನ ಸರ್ವರಿಗೆ, ಪಿಂಗ್ (ತಲುಪುತ್ತದಾ ಅಂತ ನೋಡುವ ಕಮಾಂಡ್) ಕೊಟ್ಟೆ, ಸಲೀಸಾಗಿ ಹೋಯಿತು. ಸರಿ, ಲೈನ್ ಇದೆ. ಇನ್ನು ಡಿಎನ್‌ಎಸ್, ಅಂದರೆ ಸೈಟಿನ ಹೆಸರನ್ನು ನಂಬರಿಗೆ ತಿರುಗಿಸುವ ವ್ಯವಸ್ಥೆ. ಅದನ್ನು ನೋಡಲು ಡಿಗ್ ಕಮಾಂಡ್ ಹೊಡೆದೆ. ತಟ್ಟನೆ ಉತ್ತರ ಬಂತು. ಹಾಗಾದರೆ ನೆಟ್‌ವರ್ಕ್ ಚೆನ್ನಾಗಿದೆ, ಗಿರಾಕಿಗಳ ಪೆನ್‌ಡ್ರೈವ್‌ನಿಂದ ಎರಡೂ ಕಂಪ್ಯೂಟರ್‌ಗೆ ವೈರಸ್ ಹತ್ತಿದೆ ಅಂದುಬಿಟ್ಟೆ. ಭಾವ ನನ್ನ ಮಾತು ನಂಬಿದರು. ದೊಡ್ಡ ಕಂಪ್ಯೂಟರನ್ನು ಅವತ್ತೇ ಫಾರ್ಮ್ಯಾಟ್ ಮಾಡಿದೆವು.

ಡಿ ಡ್ರೈವ್ ಉಳಿಯಿತು. ಡೆಸ್ಕ್‌ಟಾಪ್ ಮೇಲಿದ್ದ ಫೋಲ್ಡರ್ ಹೋಯಿತು. ಅದರಲ್ಲಿ ಭಾವ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದ ನಮೂನೆಗಳಿದ್ದವು. ಖಾತೆ ಬದಲಾವಣೆ ಅರ್ಜಿ, ವಂಶವೃಕ್ಷಕ್ಕೆ ಅಫಿಡವಿಟ್, ಬಾಡಿಗೆ ಕರಾರು, ಪಂಚಾಯ್ತಿಗೆ ಕೊಡುವ ಮನವಿ, ಹೀಗೆ ವರ್ಷಗಟ್ಟಲೆ ಕೂಡಿಟ್ಟವು. ಹೆಸರು, ಸರ್ವೆ ನಂಬರ್ ಬದಲಾಯಿಸಿ ಪ್ರಿಂಟ್ ಕೊಡುತ್ತಿದ್ದರು. ಅಂಗಡಿ ನಡೆಯುತ್ತಿದ್ದುದೇ ಅವುಗಳ ಮೇಲೆ.

ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಸೈಟ್ ತೆರೆಯಲಿಲ್ಲ. ಆಗ ಅದರಲ್ಲಿ ಎನ್‌ಎಸ್‌ಲುಕಪ್ (ವಿಂಡೋಸ್‌ನಲ್ಲಿ ಡಿಎನ್‌ಎಸ್ ನೋಡುವ ಕಮಾಂಡ್) ಹೊಡೆದು ನೋಡಿದೆ. 192.168.1.1 ಅನ್ನು ಕೇಳುತ್ತಿದೆ, ಟೈಮ್‌ಔಟ್ ಆಗುತ್ತಿದೆ. ಅದು ರೂಟರಿನ ವಿಳಾಸ. ಲೈನ್ ನೆಟ್ಟಗಿತ್ತು, ರೂಟರಿನ ಡಿಎನ್‌ಎಸ್ ಕೈಕೊಟ್ಟಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದೆವು. ಎಲ್ಲ ತೆರೆದುಕೊಂಡಿತು.

ಹಾಗಾದರೆ ಫೋನಿನಲ್ಲಿ ಡಿಗ್ ಹೇಗೆ ಉತ್ತರ ಕೊಟ್ಟಿತು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಹೇಳುವವರೇ ಇಲ್ಲ. ಮಾಮೂಲಿ ಲಿನಕ್ಸ್‌ನಲ್ಲಿ ಡಿಗ್ ಯಾರನ್ನು ಕೇಳಬೇಕು ಅನ್ನುವುದು ‘ರಿಸಾಲ್ವ್ ಡಾಟ್ ಕಾನ್ಫ್’ ಎಂಬ ಫೈಲಿನಲ್ಲಿರುತ್ತದೆ. ನೆಟ್‌ವರ್ಕ್ ಬದಲಾದರೆ ಆ ವಿವರವೂ ಬದಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಫೈಲೇ ಇಲ್ಲ. ಹೆಸರು ಹುಡುಕುವ ಕೆಲಸವನ್ನು ಸಿಸ್ಟಮ್ ಒಳಗಿನ ಒಂದು ಸೇವೆ ಮಾಡುತ್ತದೆ, ವೈಫೈ ಕೊಟ್ಟ ಡಿಎನ್‌ಎಸ್ ಯಾವುದು ಅಂತ ಗೊತ್ತಿರುವುದು ಅದಕ್ಕೆ. ಡಿಗ್ ಅದರ ಹತ್ತಿರ ಹೋಗುವುದಿಲ್ಲ. ಹಾಗಾಗಿ ಟರ್ಮಕ್ಸ್ ತನ್ನ ಫೋಲ್ಡರಿನೊಳಗೆ ತನ್ನದೇ ಒಂದು ಫೈಲ್ ಇಟ್ಟುಕೊಂಡಿದೆ. ಅದರಲ್ಲಿ 8.8.8.8, 8.8.4.4 ಅಂತ ಮೊದಲೇ ಬರೆದಿದೆ. ನೀವು ಯಾವ ವೈಫೈಯಲ್ಲೇ ಇರಿ, ಅದು ಬದಲಾಗುವುದಿಲ್ಲ. ಅಂದರೆ ನನ್ನ ಡಿಗ್ ಅಂಗಡಿಯ ರೂಟರನ್ನು ಕೇಳಲೇ ಇಲ್ಲ. ನೇರವಾಗಿ ಗೂಗಲ್‌ನ ಡಿಎನ್‌ಎಸ್ ಕೇಳಿ ಬಂದು ಉತ್ತರ ಹೇಳಿತು. ಪಿಂಗ್‌ಗೆ ನಂಬರಿನ ಬದಲು ಸೈಟಿನ ಹೆಸರು ಕೊಟ್ಟಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಪಿಂಗ್, ಕರ್ಲ್ (ಸೈಟಿನ ಪುಟ ತರಿಸುವ ಕಮಾಂಡ್) ಎರಡೂ ಆಂಡ್ರಾಯ್ಡ್‌ನ ಸೇವೆಯ ಮೂಲಕವೇ ಹೆಸರು ಹುಡುಕುತ್ತವೆ.

ಎರಡು ಸುಳಿವು ಕಣ್ಣೆದುರೇ ಇದ್ದವು. ಡಿಗ್ ಉತ್ತರದ ಕೊನೆಯಲ್ಲಿ ‘ಸರ್ವರ್: 8.8.8.8’ ಎಂಬ ಸಾಲು ಇರುತ್ತದೆ. ಅವತ್ತೂ ಇತ್ತು. ಫೋನಿನ ಮೇಲ್ತುದಿಯಲ್ಲಿ ವೈಫೈ ಗುರುತಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆಯೂ ಇತ್ತು. ಈ ವೈಫೈಯಲ್ಲಿ ಇಂಟರ್ನೆಟ್ ಸಿಗುತ್ತಿಲ್ಲ ಅಂತ ಆಂಡ್ರಾಯ್ಡ್ ತನ್ನ ಪಾಡಿಗೆ ಹೇಳುತ್ತಲೇ ಇತ್ತು. ನಾನು ಟರ್ಮಿನಲ್ ಮಾತನ್ನೇ ಹಿಡಿದುಕೊಂಡೆ. ಈಗ ಡಿಗ್ ಹೊಡೆಯುವಾಗ ಕೊನೆಗೆ @192.168.1.1 ಅಂತ ಸೇರಿಸಿಯೇ ಹೊಡೆಯುತ್ತೇನೆ. ಯಾರನ್ನು ಕೇಳಬೇಕು ಅನ್ನುವುದನ್ನು ನಾವೇ ಹೇಳಿಬಿಡಬೇಕು. ನಿಮ್ಮ ರೂಟರಿನ ವಿಳಾಸ ಬೇರೆ ಇರಬಹುದು, ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ‘ಗೇಟ್‌ವೇ’ ಎಂದು ಇರುತ್ತದೆ.

ಅದಕ್ಕೇ ಹೇಳುತ್ತೇನೆ, ‘ಪರ್ಮಿಷನ್ ಡಿನೈಡ್’ ಬಂದರೆ ಬೇಜಾರಾಗಬೇಡಿ. ಆಗದು ಅಂತ ಅದು ನೇರವಾಗಿ ಹೇಳಿಬಿಡುತ್ತದೆ, ಡಿಗ್ ಹಾಗೆ ದಾರಿ ತಪ್ಪಿಸುವುದಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಆ್ಯಪ್‌ಗಳು ‘ಪ್ರಾಕ್ ನೆಟ್’ ಎಂಬ, ನೆಟ್‌ವರ್ಕ್ ವಿವರಗಳಿರುವ ಸಿಸ್ಟಮ್ ಫೋಲ್ಡರ್ ಓದುವುದನ್ನು ಗೂಗಲ್ ನಿಲ್ಲಿಸಿತು. ನೆಟ್‌ಸ್ಟಾಟ್ ಓದುತ್ತಿದ್ದುದು ಅಲ್ಲಿಂದಲೇ. ಯಾವುದೋ ಟಾರ್ಚ್ ಆ್ಯಪ್ ಕೂಡ ನೀವು ಯಾವ ಸರ್ವರ್ ಜತೆ ಮಾತಾಡುತ್ತಿದ್ದೀರಿ ಅಂತ ಅಲ್ಲಿ ಇಣುಕಬಹುದಿತ್ತು. ನನ್ನ ಪ್ರಕಾರ ನಿಲ್ಲಿಸಿದ್ದೇ ಸರಿ. ಆಂಡ್ರಾಯ್ಡ್ ಕಣ್ಣಿಗೆ ಟರ್ಮಕ್ಸ್ ಕೂಡ ಒಂದು ಆ್ಯಪ್ ಅಷ್ಟೆ. ಅದಕ್ಕೇ 1024ಕ್ಕಿಂತ ಕೆಳಗಿನ ಪೋರ್ಟ್ (ನೆಟ್‌ವರ್ಕ್ ಸಂಪರ್ಕದ ಬಾಗಿಲಿನ ನಂಬರ್) ಅದಕ್ಕೆ ಸಿಗುವುದಿಲ್ಲ, ಎಸ್‌ಎಸ್‌ಎಚ್ ಸರ್ವರ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಲು) ಹಾಕಿದರೆ 22ರ ಬದಲು 8022ರಲ್ಲಿ ಓಡುತ್ತದೆ.

ಪ್ರೂಟ್ ಉಬುಂಟು ವಿಷಯ. ಅದರೊಳಗೆ ಹೋದರೆ ‘ರೂಟ್’ ಎಂದು ಕಾಣುತ್ತದೆ ನಿಜ. ಅದು ಪ್ರೋಗ್ರಾಂಗಳ ಮುಂದೆ ಹಾಕಿದ ವೇಷ. ಕರ್ನಲ್‌ಗೆ (ಸಿಸ್ಟಮ್‌ನ ತಿರುಳಿಗೆ) ನೀವು ಅದೇ ಟರ್ಮಕ್ಸ್ ಆ್ಯಪ್. ಹೊರಗೆ ಆಗದ್ದು ಒಳಗೂ ಆಗುವುದಿಲ್ಲ, ಸುಮ್ನೆ ಜಾಗ ತಿನ್ನುತ್ತದೆ. ಇನ್ನು ನಿಜವಾದ ರೂಟ್ ಮಾಡಲು ಫೋನ್ ಆನ್ ಆಗುವಾಗ ಮೊದಲು ಓಡುವ ಬೂಟ್‌ಲೋಡರ್ ಬಿಚ್ಚಬೇಕು, ಬಿಚ್ಚಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಂಕ್ ಆ್ಯಪ್‌ಗಳು ಎಷ್ಟೋ ಸಲ ತೆರೆಯುವುದೇ ಇಲ್ಲ. ದಿನವೆಲ್ಲ ಯುಪಿಐ ಮೇಲೆ ನಡೆಯುವ ಫೋನಿಗೆ ಯಾಕೆ ಈ ಕಾಟ?

ನೆಟ್‌ಸ್ಟಾಟ್ ಬೇಕೇ ಬೇಕು ಅಂದರೆ ರೂಟ್ ಇಲ್ಲದ ದಾರಿ ಒಂದಿದೆ. ಆಂಡ್ರಾಯ್ಡ್ 11 ಅಥವಾ ಆಮೇಲಿನದಾಗಿದ್ದರೆ ಡೆವಲಪರ್ ಆಪ್ಷನ್ಸ್‌ನಲ್ಲಿ ವೈರ್‌ಲೆಸ್ ಡೀಬಗಿಂಗ್ ಆನ್ ಮಾಡಿ. ಟರ್ಮಕ್ಸ್‌ನಲ್ಲಿ ಆಂಡ್ರಾಯ್ಡ್ ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು, ಅದರಲ್ಲಿರುವ ಎಡಿಬಿಯಿಂದ (ಫೋನಿಗೆ ಕಮಾಂಡ್ ಕೊಡುವ ಡೆವಲಪರ್ ಸಾಧನ) ನಿಮ್ಮ ಫೋನಿಗೆ ನೀವೇ ಪೇರ್ ಮಾಡಿಕೊಳ್ಳಿ. ಪೇರಿಂಗ್ ಕೋಡ್ ಕಿಟಕಿ ಮುಚ್ಚಿದರೆ ಕೋಡ್ ಕೆಡುತ್ತದೆ, ಅದಕ್ಕೆ ಸ್ಕ್ರೀನ್ ಎರಡು ಭಾಗ ಮಾಡಿಕೊಂಡು ಟೈಪ್ ಮಾಡಿ. ಎಡಿಬಿ ಶೆಲ್‌ಗೆ ಆ್ಯಪ್‌ಗಿಂತ ಜಾಸ್ತಿ ಅಧಿಕಾರ ಇದೆ. ಅಲ್ಲಿ ನೆಟ್‌ಸ್ಟಾಟ್ ಓಡುತ್ತದೆ. ಕೆಲಸ ಮುಗಿದ ಮೇಲೆ ಡೀಬಗಿಂಗ್ ಆಫ್ ಮಾಡಿ.

ವೈಫೈಯಲ್ಲಿ ಯಾರಿದ್ದಾರೆ ಅನ್ನುವುದಕ್ಕೆ ಎನ್‌ಮ್ಯಾಪ್ ಎಂಬ ನೆಟ್‌ವರ್ಕ್ ಹುಡುಕುವ ಕಮಾಂಡನ್ನು ನೆಚ್ಚಿಕೊಳ್ಳಬೇಡಿ. ಇದೂ ಡಿಗ್‌ನ ಜಾತಿಯದೇ, ಓಡುತ್ತದೆ, ಪಟ್ಟಿಯನ್ನೂ ಕೊಡುತ್ತದೆ. ರೂಟ್ ಇದ್ದರೆ ಅದು ಎಆರ್‌ಪಿ (ಈ ವಿಳಾಸ ಯಾರದು ಅಂತ ಸ್ಥಳೀಯ ನೆಟ್‌ವರ್ಕಿನಲ್ಲಿ ಕೇಳುವ ವಿಧಾನ) ಮೂಲಕ ಕೂಗುತ್ತದೆ, ಅದೇ ನೆಟ್‌ವರ್ಕಿನಲ್ಲಿ ಎಚ್ಚರವಿರುವ ಸಾಧನ ಸಾಮಾನ್ಯವಾಗಿ ಓಗೊಡಲೇಬೇಕು. ರೂಟ್ ಇಲ್ಲದಿದ್ದರೆ ಪೋರ್ಟ್ 80, 443ರ ಬಾಗಿಲು ತಟ್ಟಿ ನೋಡುತ್ತದೆ ಅಷ್ಟೆ. ಫೈರ್‌ವಾಲ್ ಇರುವ ಕಂಪ್ಯೂಟರ್ ಸುಮ್ಮನಿದ್ದುಬಿಟ್ಟರೆ ಪಟ್ಟಿಯಲ್ಲಿ ಬರುವುದೇ ಇಲ್ಲ. ಯಾರೂ ಇಲ್ಲ ಅಂದುಕೊಂಡು ನೀವು ನೆಮ್ಮದಿಯಾಗಿರುತ್ತೀರಿ.

ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ ಅಡ್ಮಿನ್ ಪುಟ ತೆರೆಯಿರಿ. ಡಿಎಚ್‌ಸಿಪಿ ಪಟ್ಟಿ (ರೂಟರ್ ವಿಳಾಸ ಹಂಚಿದ ಸಾಧನಗಳು) ಅಥವಾ ಕನೆಕ್ಟೆಡ್ ಡಿವೈಸಸ್ (ಈಗ ಸೇರಿಕೊಂಡಿರುವವು) ಎಂದು ಇರುತ್ತದೆ. ವೈಫೈ ಹಂಚುತ್ತಿರುವುದೇ ರೂಟರ್, ಅದಕ್ಕೆ ಗೊತ್ತಿರುವಷ್ಟು ನಿಮ್ಮ ಫೋನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಒಂದು ಎಚ್ಚರಿಕೆ: ಈಗಿನ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಬೇರೆ ಮ್ಯಾಕ್ ವಿಳಾಸ (ಸಾಧನದ ಗುರುತಿನ ನಂಬರ್) ತೋರಿಸುತ್ತವೆ. ಗುರುತು ಸಿಗದ ವಿಳಾಸ ಕಂಡ ಕೂಡಲೇ ಪಕ್ಕದ ಮನೆಯವರ ಮೇಲೆ ಅನುಮಾನ ಪಡಬೇಡಿ. ಮನೆಯ ಫೋನು ಮತ್ತಿತರ ಸಾಧನಗಳ ವೈಫೈ ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ, ನೀವು ಪುಟ ನೋಡುತ್ತಿರುವುದೊಂದು ಬಿಟ್ಟು ಎಲ್ಲ ಆಫ್ ಆದ ಮೇಲೂ ಕನೆಕ್ಟೆಡ್ ಡಿವೈಸಸ್‌ನಲ್ಲಿ ಉಳಿಯುವುದು ಯಾವುದು ನೋಡಿ (ಡಿಎಚ್‌ಸಿಪಿ ಪಟ್ಟಿಯಲ್ಲಿ ಆಫ್ ಆದವೂ ಸ್ವಲ್ಪ ಹೊತ್ತು ಉಳಿಯಬಹುದು). ಯಾವುದಾದರೂ ಉಳಿದರೆ ವೈಫೈ ಪಾಸ್‌ವರ್ಡ್ ಬದಲಾಯಿಸಿ, ಜತೆಗೇ ಅಡ್ಮಿನ್ ಪುಟದ ಪಾಸ್‌ವರ್ಡನ್ನೂ.