ಏನು ಬರಲ್ಲ ಅಂತ ಗೊತ್ತು, ಏನು ಬರುತ್ತೆ?

ಬಿ.ಎಡ್. ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ಶಾಲೆಗಳಿಗೆ ಹೋಗುವ ತಿಂಗಳುಗಳಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರ ಅಳಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಶಾಲೆಯ ಗೇಟು ಕಂಡರೆ ಹೊಟ್ಟೆ ತೊಳೆಸುತ್ತದೆ, ‘ನಾನು ಟೀಚರ್ ಆಗೋಕೆ ಲಾಯಕ್ಕಿಲ್ಲ ಮೇಡಂ’. 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರಗಳಿಗೆ ಏರಿತು. ಒಳ್ಳೆಯದೇ ಆಯಿತು. ಆದರೆ ಮಕ್ಕಳ ಬಗ್ಗೆ ನಂಬಿಕೊಂಡು ಬಂದದ್ದೆಲ್ಲ ಕುಸಿದು ಬೀಳಲು ಅಷ್ಟು ಕಾಲ ಸಾಕು. ಕುಸಿದ ಮೇಲೆ ಏನು ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬಳ ವಿಷಯ. ಕಾವ್ಯ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹತ್ತುವಂಥ ವಿವರಗಳನ್ನೂ ಬದಲಿಸಿದ್ದೇನೆ, ಪ್ರಕಟಿಸಲು ಅವಳ ಒಪ್ಪಿಗೆ ಇದೆ. ತುಮಕೂರು ಕಡೆಯ ಹುಡುಗಿ, ಪಿಜಿಯಲ್ಲಿ ವಾಸ, ಕನ್ನಡ ಮತ್ತು ಸಮಾಜ ವಿಜ್ಞಾನ ಅವಳ ಬೋಧನಾ ವಿಷಯಗಳು. ಇಂಟರ್ನ್‌ಶಿಪ್ ಸಿಕ್ಕಿದ್ದು ಪೀಣ್ಯದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು. ಅವರ ಮಕ್ಕಳು ಅಲ್ಲಿ ಓದುತ್ತಾರೆ.

ಮೊದಲ ದಿನವೇ ಕೇಳಬೇಕಾದ್ದನ್ನು ಕೇಳಿದೆ: ಸಾಯಬೇಕು ಅನಿಸುತ್ತದೆಯೇ, ಊಟ ಸೇರುತ್ತಿದೆಯೇ, ನಿದ್ದೆ ಕೆಟ್ಟು ಎಷ್ಟು ದಿನವಾಯಿತು. ಅಪಾಯವೇನೂ ಕಾಣಲಿಲ್ಲ. ಅವಳನ್ನು ಕೊರೆಯುತ್ತಿದ್ದುದು ಎಂಟನೇ ತರಗತಿಯ ಒಬ್ಬ ಹುಡುಗ.

ಶಾಲೆಗೆ ಕಾಲಿಟ್ಟಾಗ ಕಾವ್ಯಳ ನಂಬಿಕೆ ಸರಳವಾಗಿತ್ತು: ಪ್ರೀತಿ ಕೊಟ್ಟರೆ, ನಂಬಿಕೆ ಇಟ್ಟರೆ ಯಾವ ಮಗುವೂ ಕಲಿಯುತ್ತದೆ. ಚಾರ್ಟು ಬರೆದಳು, ಬಹುಮಾನಕ್ಕೆ ಸ್ವಂತ ದುಡ್ಡಲ್ಲಿ ಪೆನ್ನು ತಂದಳು, ಆ ಹುಡುಗನನ್ನು ಮುಂದಿನ ಬೆಂಚಿಗೆ ಕರೆದಳು. ಅವನು ಓದಲಿಲ್ಲ. ಸ್ಟಾಫ್ ರೂಮಿನಲ್ಲಿ ಹಿರಿಯ ಶಿಕ್ಷಕಿಯೊಬ್ಬರು, ‘ಮನೇಲಿ ಪುಸ್ತಕ ಹಿಡಿಯೋರೇ ಇಲ್ಲ ಕಣಮ್ಮ, ನಾವೆಷ್ಟು ಬಡ್ಕೊಂಡ್ರೂ ಅಷ್ಟೇ’ ಎಂದರು. ಕೆಲವು ವಾರ ಕಳೆಯುವಷ್ಟರಲ್ಲಿ ಕಾವ್ಯಳಿಗೂ ಅದೇ ನಿಜ ಅನಿಸತೊಡಗಿತು. ಹಾಗೆ ಅನಿಸಿದ್ದೇ ಅವಳಿಗೆ ತಡೆಯಲಾಗಲಿಲ್ಲ. ‘ಇಷ್ಟು ಬೇಗ ನಾನೂ ಅವರ ಥರ ಆಗ್ಬಿಟ್ನಲ್ಲ ಮೇಡಂ’ ಎಂದು ಬಿಕ್ಕಿದಳು.

ಎರಡನೇ ಭೇಟಿಯಲ್ಲಿ ಆ ಹುಡುಗನ ಬಗ್ಗೆ ಹೇಳಲು ಕೇಳಿದೆ. ಸರಾಗವಾಗಿ ಹೇಳಿದಳು: ಓದೋಕೆ ಬರಲ್ಲ, ಡಿಕ್ಟೇಶನ್ ಬರೆಯಲ್ಲ, ನೋಟ್ಸ್ ಪೂರ್ತಿ ಮಾಡಲ್ಲ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸ್ತಾನೆ, ಸೋಮವಾರ ಬರೋದೇ ಇಲ್ಲ.

‘ಸರಿ, ಅವನಿಗೆ ಏನು ಬರುತ್ತೆ?’ ಎಂದೆ.

‘ಚೆನ್ನಾಗಿ ಕಬಡ್ಡಿ ಆಡ್ತಾನೆ.’

‘ಓದೋದರಲ್ಲಿ? ಯಾವ ಅಕ್ಷರ ಬರುತ್ತೆ? ಕಾಗುಣಿತ ಬರುತ್ತಾ? ಒತ್ತಕ್ಷರ?’

ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಾನು ನೋಡಿಲ್ಲ ಮೇಡಂ. ಬರಲ್ಲ ಅಂತ ಅವತ್ತೇ ಗೊತ್ತಾಯ್ತಲ್ಲ, ಮುಂದೆ ಕೇಳಲೇ ಇಲ್ಲ’ ಎಂದಳು. ಅಷ್ಟು ಹೊತ್ತು ಅಳುತ್ತಿದ್ದವಳ ಮುಖದಲ್ಲಿ ಆಗ ಕಂಡದ್ದು ಅಳುವಲ್ಲ, ಕುತೂಹಲ. ಬ್ಯಾಗಿನಿಂದ ಪೆನ್ನು ತೆಗೆದು, ‘ಹೇಗೆ ನೋಡೋದು?’ ಎಂದು ಕೇಳಿದಳು.

ನಾನು ಹೇಳಿದ್ದು ಇಷ್ಟು. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅವನ ಪಕ್ಕದಲ್ಲಿ ಕೂರಿ, ಎದುರಿಗೆ ಬೇಡ. ಬೇರೆ ಮಕ್ಕಳು ಇರಬಾರದು. ಅವನು ತಪ್ಪು ಓದಿದರೆ ತಿದ್ದಬೇಡಿ, ಹೇಗೆ ಓದಿದನೋ ಹಾಗೇ ಬರೆದುಕೊಳ್ಳಿ. ಪುಟದ ಮೇಲೆ ಮೊದಲು ಅವನಿಗೆ ಬರುವುದನ್ನು ಬರೆಯಿರಿ.

ಮುಂದಿನ ಭೇಟಿಗೆ ಅವಳು ತಂದ ಹಾಳೆಯನ್ನು ಶಿಕ್ಷಕರೆಲ್ಲ ನೋಡಬೇಕಿತ್ತು. ಹುಡುಗನಿಗೆ ಅಕ್ಷರಮಾಲೆ ಪೂರ್ತಿ ಬರುತ್ತಿತ್ತು, ಕಾಗುಣಿತವೂ ಬಹುಪಾಲು. ‘ಅಕ್ಕ’, ‘ಅಜ್ಜಿ’, ‘ಬಟ್ಟೆ’ ತಪ್ಪಿಲ್ಲದೆ ಓದಿದ್ದ. ‘ಪುಸ್ತಕ’ವನ್ನು ‘ಪುಸಕ’ ಎಂದಿದ್ದ, ‘ಪದ್ಯ’ವನ್ನು ‘ಪದ’, ‘ಸೂರ್ಯ’ನನ್ನು ‘ಸೂಯ’. ಕನ್ನಡದಲ್ಲಿ ಹೆಚ್ಚಿನ ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ, ಕೆಳಗೆ ಚಿಕ್ಕದಾಗಿ ಕೂರುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಬೇರೆಯದೇ ಆಕಾರ. ಅರ್ಕಾವತ್ತು ಇನ್ನೂ ಕಷ್ಟ: ಕಣ್ಣಿಗೆ ಆಮೇಲೆ ಕಾಣುವುದನ್ನು ಬಾಯಲ್ಲಿ ಮೊದಲು ಹೇಳಬೇಕು. ಹುಡುಗ ಗುರುತು ಸಿಗದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ‘ಅಮ್ಮ’ ಒಂದು ಸರಿಯಾಗಿ ಓದಿದ್ದ, ಆ ಪದ ಇಡಿಯಾಗಿ ಪರಿಚಯವಿದ್ದುದರಿಂದ. ಎರಡನೆಯ ಇಲ್ಲವೇ ಮೂರನೆಯ ತರಗತಿಯಲ್ಲಿ ಎಲ್ಲೋ ಶಾಲೆ ತಪ್ಪಿದ ತಿಂಗಳುಗಳಲ್ಲಿ ಅವನ ಕೈಜಾರಿದ್ದು ಇಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಎನ್ನುತ್ತದೆ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿಯೂ ಅದರ ಹಕ್ಕು ಎನ್ನುತ್ತದೆ. ಇವನಿಗೆ ತರಗತಿ ಸಿಕ್ಕಿತ್ತು, ತರಬೇತಿ ಸಿಕ್ಕಿರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರಿಗೆ ಈ ದಾರಿ ಹಿಡಿಸಲಿಲ್ಲ. ಆಪ್ತಸಲಹೆಗಾರರು ಭಾವನೆಗಳ ಜೊತೆ ಕೆಲಸ ಮಾಡಬೇಕು, ಒತ್ತಕ್ಷರದ ಜೊತೆ ಅಲ್ಲ. ಮೊದಲು ‘ನಿನ್ನ ತಪ್ಪಲ್ಲ’ ಎಂದು ಅವಳ ಭಾರ ಇಳಿಸಬೇಕಿತ್ತು ಎಂದರು. ಗೌರವದಿಂದಲೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. ಹಾಗಂದಿದ್ದರೆ ಅವಳಿಗೆ ಅಂದು ರಾತ್ರಿ ನಿದ್ದೆ ಬರುತ್ತಿತ್ತು, ಸ್ಟಾಫ್ ರೂಮಿನ ಮಾತು ಅವಳಲ್ಲಿ ಗಟ್ಟಿಯಾಗುತ್ತಿತ್ತು. ನನ್ನ ಕೋಣೆಗೆ ಬಂದವಳು ಅವಳೊಬ್ಬಳೇ, ನಿಜ. ಆದರೆ ಮುಂದಿನ ಮೂವತ್ತು ವರ್ಷ ಅವಳೆದುರು ಕೂರುವ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ ಶಿಕ್ಷಕಿಗೆ ಸಲಹೆ ಕೊಡಲು ನನ್ನಿಂದ ಆಗುವುದಿಲ್ಲ.

‘ಪ್ರೀತಿ ಇದ್ದರೆ ಕಲೀತಾರೆ’, ‘ಮನೆ ಸರಿಯಿಲ್ಲ, ಕಲಿಯಲ್ಲ’: ಈ ಎರಡೂ ಎದುರುಬದುರು ಮಾತುಗಳಂತೆ ಕೇಳುತ್ತವೆ. ಎರಡರಲ್ಲೂ ಇರುವ ಕೊರತೆ ಒಂದೇ, ಯಾವುದನ್ನು ನಂಬಿದರೂ ಮಗುವಿನ ನೋಟ್‌ಬುಕ್ ತೆರೆದು ನೋಡುವ ಅಗತ್ಯ ಬೀಳುವುದಿಲ್ಲ. ಬಿ.ಎಡ್. ತರಗತಿಯಲ್ಲಿ ರೋಸೆಂತಾಲ್ ಮತ್ತು ಜೇಕಬ್ಸನ್ ಅವರ 1968ರ ಅಧ್ಯಯನವನ್ನು ಹೇಳಿಕೊಡುತ್ತಾರೆ: ಈ ಮಕ್ಕಳು ಚುರುಕಾಗುತ್ತಾರೆ ಎಂದು ಶಿಕ್ಷಕರಿಗೆ ಹೇಳಿದರೆ ಮಕ್ಕಳು ನಿಜಕ್ಕೂ ಮುಂದೆ ಬಂದರು ಎಂದು. ಕಾವ್ಯ ಅದನ್ನು ತನ್ನ ಮೇಲೇ ತಿರುಗಿಸಿಕೊಂಡಿದ್ದಳು, ತನ್ನ ನಂಬಿಕೆ ಸಾಲದೆ ಹುಡುಗ ಸೋತ ಎಂದು. ಆ ಅಧ್ಯಯನದಲ್ಲಿ ಎದ್ದು ಕಂಡ ಏರಿಕೆ ಮುಖ್ಯವಾಗಿ ಒಂದು, ಎರಡನೇ ತರಗತಿಯ ಮಕ್ಕಳಲ್ಲಿ. ಅದರ ವಿಧಾನದ ಬಗ್ಗೆ ಆಗಿನಿಂದಲೂ ತಕರಾರುಗಳಿವೆ. ಇದನ್ನು ವಿವರಿಸಿ ಹೇಳಿದೆ, ಏಕೆಂದರೆ ಅರ್ಧ ಕಲಿತ ಮನಶ್ಶಾಸ್ತ್ರ ಒಳ್ಳೆಯ ಮನಸ್ಸಿನವರನ್ನೇ ಹೆಚ್ಚು ಹಿಂಸಿಸುತ್ತದೆ.

ಉಳಿದ ಸಲಹೆ ಬೇಗ ಹೇಳಿ ಮುಗಿಸಬಹುದು. ಅಂದಿನ ಪಾಠ ಹೇಗಾಯಿತೆಂದು ಬರೆಯುವ ಪ್ರತಿಫಲನ ದಿನಚರಿಯನ್ನು ಪಿಜಿಯಲ್ಲಿ ನಡುರಾತ್ರಿ ಬರೆಯಬೇಡಿ, ಶಾಲೆಯಲ್ಲೇ ಬರೆದು ಹೊರಡಿ. ಹಿರಿಯ ಶಿಕ್ಷಕಿಯನ್ನು ಶತ್ರು ಎಂದುಕೊಳ್ಳಬೇಡಿ. ಅವರು ಏನೇನು ಪ್ರಯತ್ನಿಸಿ ಸೋತರು ಎಂದು ಕೇಳಿ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಕಾವ್ಯ ದಿನಕ್ಕೆ ಒಂದು ಒತ್ತಿನಂತೆ ಅವನಿಗೆ ಕಲಿಸಿದಳು. ತ ಒತ್ತು, ಯ ಒತ್ತು ಕೂತವು. ಅಷ್ಟರಲ್ಲಿ ತಂದೆಯ ಕೆಲಸ ವೈಟ್‌ಫೀಲ್ಡ್ ಕಡೆಗೆ ಬದಲಾಗಿ ಹುಡುಗ ಟಿ.ಸಿ. ತೆಗೆದುಕೊಂಡು ಹೊರಟ. ಅವಳು ಮತ್ತೆ ಕುಗ್ಗುತ್ತಾಳೇನೋ ಎಂದುಕೊಂಡಿದ್ದೆ. ಅವನಿಗೆ ಏನೇನು ಬರುತ್ತದೆ, ಮುಂದೆ ಯಾವುದನ್ನು ಕಲಿಸಬೇಕು ಎಂದು ಒಂದು ಪುಟ ಬರೆದು ಅವನ ಕೈಗೇ ಕೊಟ್ಟು ಕಳಿಸಿದ್ದಳು. ‘ಅಲ್ಲಿನ ಟೀಚರ್ ಅದನ್ನ ಓದ್ತಾರಾ ಮೇಡಂ?’ ಎಂದಳು. ಹೆಡ್‌ಮಾಸ್ಟರ ಮೂಲಕ ಫೋನ್ ಮಾಡಿ ಕೇಳಿ ಎಂದೆ. ಮಾಡಿದಳು. ಹೊಸ ಶಾಲೆಯ ಕನ್ನಡ ಶಿಕ್ಷಕರು ಪುಟ ತಲುಪಿಲ್ಲ ಎಂದರಂತೆ. ಅವಳು ಇನ್ನೊಂದು ಪ್ರತಿಯ ಫೋಟೊ ತೆಗೆದು ಕಳಿಸಿ, ಅರ್ಕಾವತ್ತು ಇನ್ನೂ ಶುರುವಾಗಿಲ್ಲ ಎಂದು ಅವರಿಗೆ ಹೇಳಿದ್ದಾಳೆ.