ಮೊದಲು ಬಕೆಟ್ ಬೋರಲು ಹಾಕಿ

ಪ್ರಶ್ನೆ: ನಮ್ಮದು ಹಾಸನದಲ್ಲಿ ಮಹಡಿಯಿರುವ ಹಳೆಯ ಮನೆ. ಮಗಳಿಗೆ ಹತ್ತು ತಿಂಗಳು, ಅಂಬೆಗಾಲಿಡುತ್ತಾ ಮನೆಯೆಲ್ಲ ಸುತ್ತುತ್ತಾಳೆ. ಹಾಲ್‌ನಲ್ಲಿ ಟೀಪಾಯಿ, ಷೋಕೇಸು, ಮಾವನವರ ಕಾಲದ ತೂಗುಮಣೆ ಇವೆ. ಅತ್ತೆ ತರಕಾರಿ ಹೆಚ್ಚುವುದು ಇಳಿಗೆಮಣೆಯಲ್ಲೇ. ಮೂಲೆಗಳಿಗೆ ಅಂಟಿಸುವ ಸ್ಪಂಜು ತರಿಸಿದ್ದೇನೆ. ಮನೆಯ ಅಂದ ಕೆಡದ ಹಾಗೆ ಇನ್ನೇನು ಮಾಡಬೇಕು?
– ಒಬ್ಬ ತಾಯಿ, ಹಾಸನ

ಉತ್ತರ: ಸ್ಪಂಜು ಅಂಟಿಸಿ, ಬೇಡವೆನ್ನುವುದಿಲ್ಲ. ಆದರೆ ನನಗೆ ಹೆಚ್ಚು ಭಯವಿರುವುದು ನಿಮ್ಮ ಪತ್ರದಲ್ಲಿ ಇಲ್ಲದ ಬಚ್ಚಲುಮನೆಯ ಬಗ್ಗೆ.

ನನ್ನ ಮಗನಿಗೆ ಹನ್ನೊಂದು ತಿಂಗಳಿದ್ದಾಗ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಇದ್ದಬದ್ದ ಬಕೆಟ್ಟುಗಳನ್ನೆಲ್ಲ ತುಂಬಿಸಿಡುತ್ತಿದ್ದೆವು. ಒಂದು ಬೆಳಿಗ್ಗೆ ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಅವನಿಲ್ಲ. ಸದ್ದೂ ಇಲ್ಲ. ಓಡಿ ನೋಡಿದರೆ ಬಚ್ಚಲಲ್ಲಿ ನೀಲಿ ಬಕೆಟ್ಟಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು, ತೇಲುತ್ತಿದ್ದ ಮಗ್ಗಿಗೆ ಬಗ್ಗಿದ್ದ. ಗದ್ದ ನೀರಿಗೆ ತಾಗಿತ್ತು, ಅಂಗಿಯ ಎದೆಯೆಲ್ಲ ಒದ್ದೆ. ಎತ್ತಿಕೊಂಡು ಎಷ್ಟು ಹೊತ್ತಾದರೂ ನನ್ನ ಕೈನಡುಕ ನಿಲ್ಲಲಿಲ್ಲ. ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ತಲೆಕೆಳಗಾಗಿ ಬಿದ್ದರೆ ತಾವಾಗಿ ಏಳಲಾರವು, ಕೂಗಲೂ ಆಗುವುದಿಲ್ಲ. ಬಕೆಟ್ಟಿನ ತಳದಲ್ಲಿ ಬೆರಳುದ್ದ ನೀರಿದ್ದರೂ ಸಾಕು.

ಆದ್ದರಿಂದ ಸ್ನಾನವಾದ ಕೂಡಲೇ ಬಕೆಟ್ ಬೋರಲು ಹಾಕಿ. ಹಿಡಿದಿಡಲೇಬೇಕಾದ ನೀರು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿರಲಿ. ಸಂಪಿನ ಮುಚ್ಚಳಕ್ಕೆ ಬೀಗ, ಬಚ್ಚಲ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲೊಂದು ಚಿಲಕ ಹಾಕಿಸಿ. ನೀರು ಬೆರೆಸುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಗೀಸರನ್ನು 50 ಡಿಗ್ರಿಯ ಒಳಗಿಡಿ; 60 ಡಿಗ್ರಿಯ ನೀರು ಎಳೆ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಇಪ್ಪತ್ತು ವರ್ಷಗಳಿಂದ ಮನೆಗಳ ಒಳಾಂಗಣ ಮಾಡಿಸುತ್ತಿದ್ದೇನೆ. ತೂಗುಮಣೆಯನ್ನು ಇಳಿಸಿ ಎಂದರೆ ಎಲ್ಲರಿಗೂ ಬೇಸರ, ನನಗೂ ಅದು ಇಷ್ಟವೇ. ಆದರೆ ಒಮ್ಮೆ ನೆಲದಲ್ಲಿ ಕೂತು ನೋಡಿ. ಎದ್ದು ನಿಲ್ಲಲು ಹವಣಿಸುವ ಮಗುವಿನ ಮುಖದ ಎತ್ತರಕ್ಕೇ ಆ ಹಲಗೆಯ ಅಂಚು ಬರುತ್ತದೆ. ಸರಪಳಿಯ ಕೊಂಡಿಯಲ್ಲಿ ಪುಟ್ಟ ಬೆರಳು ಸಿಕ್ಕಿಕೊಂಡರೆ ಜಜ್ಜಿಯೇ ಹೋಗುತ್ತದೆ. ಎರಡು ವರ್ಷ ಅದನ್ನು ಅಟ್ಟಕ್ಕೆ ಹಾಕಿ. ಷೋಕೇಸನ್ನು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಸಿ, ಟೀವಿಯನ್ನೂ ಹಾಗೆಯೇ. ಮಕ್ಕಳು ಖಾನೆಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತವೆ. ಕೆಳಗಿನ ಒಂದು ಖಾನೆಯನ್ನು ಅವಳಿಗೇ ಬಿಟ್ಟುಕೊಡಿ: ಸ್ಟೀಲ್ ಲೋಟ, ಚನ್ನಪಟ್ಟಣದ ದೊಡ್ಡ ಗಿಲಕಿ, ಬಟ್ಟೆಯ ಗೊಂಬೆ. ಮನೆಯ ಅಂದ ಅದರಿಂದ ಕೆಡುವುದಿಲ್ಲ. ಅಳಗುಳಿಮಣೆಯ ಬಟ್ಟಲಲ್ಲಿ ಗುಲಗಂಜಿ ಇಟ್ಟಿದ್ದರೆ ಮಾತ್ರ ಇಂದೇ ತೆಗೆಯಿರಿ. ನೋಡಲು ಚೆಂದ, ಜಗಿದರೆ ವಿಷ.

ಇಳಿಗೆಮಣೆಯ ವಿಷಯದಲ್ಲಿ ಅತ್ತೆಯೊಂದಿಗೆ ಜಗಳ ಬೇಡ. ಮಗು ಮಲಗಿರುವಾಗ ಹೆಚ್ಚಲಿ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಡದೆ ಮೇಲಿನ ಅಟ್ಟಣಿಗೆಯಲ್ಲಿಡಲಿ. ದೇವರ ಗೂಡಿನ ಕರ್ಪೂರವೂ ಅಷ್ಟೇ ಮುಖ್ಯ. ಸಕ್ಕರೆಬಿಲ್ಲೆಯಂತೆ ಕಾಣುವ ಅದನ್ನು ಒಂದೆರಡು ನುಂಗಿದರೂ ಎಳೆಮಗುವಿಗೆ ಫಿಟ್ಸ್ ಬರಬಹುದು. ಬೀರುವಿನ ನುಸಿಗುಳಿಗೆಯನ್ನೂ ಮರೆಯಬೇಡಿ. ರಿಮೋಟು, ಆಟಿಕೆಗಳಲ್ಲಿರುವ ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡುತ್ತದೆ. ನುಂಗಿದ ಅನುಮಾನ ಬಂದರೂ ಮಲದಲ್ಲಿ ಹೋಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ, 108ಕ್ಕೆ ಕರೆ ಮಾಡಿ.

ಇನ್ನು ಮಹಡಿ ಮೆಟ್ಟಿಲು. ಕಟಕಟೆಯ ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಜಾಗವಿದ್ದರೆ ಬಲೆ ಕಟ್ಟಿಸಿ. ಮೆಟ್ಟಿಲ ಮೇಲ್ತುದಿಯ ಗೇಟನ್ನು ಸ್ಕ್ರೂ ಹಾಕಿಯೇ ಕೂರಿಸಬೇಕು, ಒತ್ತಿ ನಿಲ್ಲಿಸುವ ಗೇಟು ಅಲ್ಲಿ ಸಲ್ಲದು.

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಮಗನಿಗೆ ಎರಡು ವರ್ಷ. ಬಾಲ್ಕನಿಗೆ ಬಲೆ ಹಾಕಿಸಲು ಮನೆ ಮಾಲೀಕರು ಗೋಡೆ ಕೊರೆಯಬೇಡಿ ಎನ್ನುತ್ತಾರೆ.

ಉತ್ತರ: ಇನ್ನೊಮ್ಮೆ ಕೇಳಿ, ಬರೆದೇ ಕೊಡಿ: ಮನೆ ಬಿಡುವಾಗ ತೂತುಗಳಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿಕೊಡುತ್ತೇವೆ ಎಂದು. ಹೂಕುಂಡ, ಸ್ಟೂಲು, ಹಳೇ ಪೇಪರಿನ ಕಟ್ಟು, ಹತ್ತಿ ನಿಲ್ಲಬಹುದಾದ್ದೆಲ್ಲ ಇವತ್ತೇ ಕಟಕಟೆಯ ಬಳಿಯಿಂದ ಒಳಗೆ ಬರಲಿ. ಕಿಟಕಿಗೆ ಒತ್ತಿ ಹಾಕಿದ ದಿವಾನ ಇದ್ದರೆ ಅದನ್ನೂ ಸರಿಸಿ. ಬಲೆ ಬರುವವರೆಗೆ ಬಾಲ್ಕನಿಯ ಮೇಲಿನ ಚಿಲಕ ಹಾಕಿಯೇ ಇರಲಿ. ಬಟ್ಟೆ ಒಣಹಾಕಲು ಹೋಗುವಾಗಲೂ ಮಗುವನ್ನು ಒಳಗೆ ಯಾರ ಕೈಗಾದರೂ ಕೊಟ್ಟು ಹೋಗಿ.